ಕೇಕ್ ನೋಡೋಕೆ ಬಂದ ಜನ: ಕ್ಲಾಡ್ ಹಾಪ್ಕಿನ್ಸ್ ಕಥೆ

ಈಗ ಯಾವ ಕಂಪನಿಯ ವೆಬ್‌ಸೈಟ್ ತೆರೆದರೂ ಮೊದಲು ಮುಖಕ್ಕೆ ಬಡಿಯೋದು ವಿಡಿಯೊ. ಪರದೆ ತುಂಬ ಡ್ರೋನ್ ಶಾಟ್, ಸ್ಕ್ರೋಲ್ ಮಾಡಿದ ಹಾಗೆ ಹಾರಿ ಬರೋ ಅಕ್ಷರಗಳು, ಹಿಂದೆ ತೇಲಾಡೋ ಚುಕ್ಕಿಗಳು. ನಮ್ಮ ವೆಬ್ ಲ್ಯಾಬಿನ ಪ್ರಾಜೆಕ್ಟ್‌ಗಳಲ್ಲೂ ಅದೇ ಹುಚ್ಚು. ನೋಡಿದವರು ಒಂದು ಸಲ ವಾವ್ ಅನ್ನಬೇಕು, ಅಷ್ಟೇ. ವಾವ್ ಅಂದವರು ಆಮೇಲೆ ಏನು ಮಾಡಿದ್ರು? ಸಾಮಾನು ಕೊಂಡ್ರಾ, ಫಾರ್ಮ್ ತುಂಬಿದ್ರಾ, ಇಲ್ಲಾ ವಾವ್ ಅಂದು ಟ್ಯಾಬ್ ಮುಚ್ಚಿ ಹೋದ್ರಾ?

ಈ ಪ್ರಶ್ನೆಯನ್ನ ಜೀವನವಿಡೀ ಕೇಳಿಕೊಂಡವನು ಒಬ್ಬ ಅಮೆರಿಕನ್. ಅವನು ಸತ್ತು ತೊಂಬತ್ತು ವರ್ಷದ ಮೇಲಾಯಿತು. ಹೆಸರು ಕ್ಲಾಡ್ ಹಾಪ್ಕಿನ್ಸ್. ಮಾರ್ಕೆಟಿಂಗ್ ಓದೋರಿಗೆ ಇವನು ನಮಗೆ ನ್ಯೂಟನ್ ಇದ್ದ ಹಾಗೆ. ನಮ್ಮ ಬ್ರಾಂಚ್‌ಗಳಲ್ಲಿ ಕೇಳಿದವರು ಕಡಿಮೆ. ನಾವು ಎ/ಬಿ ಟೆಸ್ಟಿಂಗ್ ಅಂತ ಕರೆಯೋದನ್ನ ಇವನು ಕತ್ತರಿ, ಅಂಚೆ ಮತ್ತು ಲೆಕ್ಕದ ಪುಸ್ತಕ ಇಟ್ಟುಕೊಂಡು ಮಾಡ್ತಿದ್ದ. ಜೊತೆಗೆ, ಕಣ್ಣು ಸೆಳೆಯೋ ಗಿಮಿಕ್ ಬೇಡ ಅಂತ ಪುಸ್ತಕ ಬರೆದ ಇದೇ ಮನುಷ್ಯ ತನ್ನ ಕಾಲದ ದೊಡ್ಡ ಗಿಮಿಕ್‌ಗಳಲ್ಲಿ ಒಂದನ್ನ ಮಾಡಿ ಗೆದ್ದಿದ್ದ. ಅದಕ್ಕೇ ಇವನ ಕಥೆ ಹೇಳಬೇಕು ಅನ್ನಿಸಿತು.

ಹಾಪ್ಕಿನ್ಸ್ ಹುಟ್ಟಿದ್ದು 1866ರಲ್ಲಿ, ಮಿಷಿಗನ್ ರಾಜ್ಯದಲ್ಲಿ. ಅಪ್ಪ ಪತ್ರಿಕೆಯವನು. ತಾಯಿ ಸ್ಕಾಟಿಷ್ ಮೂಲದವಳು. ದುಡಿಮೆ, ದೇವರು, ಮಿತವ್ಯಯ ಈ ಮೂರರಲ್ಲೂ ರಾಜಿಯೇ ಇಲ್ಲದ ಹೆಂಗಸು. ಹತ್ತನೇ ವಯಸ್ಸಿಗೆ ಅಪ್ಪನ ಆಸರೆ ತಪ್ಪಿತು. ಅಲ್ಲಿಂದ ಹುಡುಗ ತನ್ನ ಅನ್ನ ತಾನೇ ದುಡಿದುಕೊಳ್ಳಬೇಕಾಯಿತು. ಬೆಳಿಗ್ಗೆ ಸ್ಕೂಲಿಗೆ ಎಲ್ಲರಿಗಿಂತ ಮೊದಲು ಹೋಗಿ ಒಲೆ ಹಚ್ಚಿ, ಬೆಂಚು ಒರೆಸಿ, ಸಂಜೆ ಮನೆಮನೆಗೆ ಪೇಪರ್ ಹಾಕೋದು.

ಅಮ್ಮ ಮನೆಯಲ್ಲೇ ಬೆಳ್ಳಿ ಪಾತ್ರೆ ಉಜ್ಜುವ ಪಾಲಿಶ್ ಮಾಡ್ತಿದ್ದಳು. ಅದನ್ನ ಮನೆಮನೆಗೆ ಹೊತ್ತು ಮಾರೋದು ಮಗನ ಕೆಲಸ. ಅಲ್ಲಿ ಅವನಿಗೆ ಒಂದು ವಿಷಯ ಕಂಡಿತು. ಬಾಗಿಲಲ್ಲಿ ನಿಂತು ಎಷ್ಟೇ ಚೆನ್ನಾಗಿ ಮಾತಾಡಿದ್ರೂ ಹತ್ತು ಮನೆಗೆ ಒಬ್ಬರು ಕೊಳ್ತಿದ್ರು. ಅಡುಗೆಮನೆ ಪಕ್ಕದ ಉಗ್ರಾಣದವರೆಗೆ ಬಿಟ್ಟುಕೊಂಡರೆ, ಅವರದೇ ಒಂದು ಚಮಚ ಇಸ್ಕೊಂಡು ಉಜ್ಜಿ ತೋರಿಸಿದರೆ, ಹೆಚ್ಚುಕಡಿಮೆ ಎಲ್ಲರೂ ಕೊಳ್ತಿದ್ರು. ಅದೇ ಪಾಲಿಶ್, ಅದೇ ಹುಡುಗ. ಬದಲಾಗಿದ್ದು ಒಂದೇ: ಜನರ ಕಣ್ಣು ಮೊದಲು ಹುಡುಗನ ಬಾಯಿ ಮೇಲಿತ್ತು, ಆಮೇಲೆ ಹೊಳೆಯೋ ಚಮಚದ ಮೇಲೆ ಬಿತ್ತು. ಅವನ ಮುಂದಿನ ಐವತ್ತು ವರ್ಷದ ಕೆಲಸವೆಲ್ಲ ಈ ಚಮಚದಿಂದಲೇ ಹುಟ್ಟಿದ್ದು ಅಂತ ನಮಗೆ ಅನ್ನಿಸುತ್ತೆ.

ಮನೆಯವರ ಲೆಕ್ಕದಲ್ಲಿ ಇವನು ಪಾದ್ರಿ ಆಗಬೇಕಿತ್ತು. ಹದಿನೇಳಕ್ಕೇ ಪ್ರವಚನ ಮಾಡ್ತಿದ್ದ. ಆದರೆ ಅಮ್ಮನ ಕಟ್ಟುನಿಟ್ಟಿನ ಧರ್ಮ ಅವನಿಗೆ ಒಗ್ಗಲಿಲ್ಲ. ಹದಿನೆಂಟರ ಹೊತ್ತಿಗೆ ಒಂದು ದಿನ ಚರ್ಚ್‌ನಲ್ಲಿ ಮನಸ್ಸಲ್ಲಿದ್ದದ್ದನ್ನ ಹೇಳಿಯೇಬಿಟ್ಟ. ಕೇಳ್ತಾ ಕೂತವರಲ್ಲಿ ತಾಯಿಯೂ ಇದ್ದಳು. ಆ ಬಿರುಕು ಕೊನೆವರೆಗೂ ಮುಚ್ಚಲಿಲ್ಲ. ಅಂದ್ರೆ ನಮ್ಮ ವಯಸ್ಸಿಗಿಂತ ಒಂದು ವರ್ಷ ಚಿಕ್ಕವನು ಮನೆ, ಊರು, ಆಗಲೇ ನಿಗದಿಯಾಗಿದ್ದ ಕೆಲಸ ಮೂರನ್ನೂ ಬಿಟ್ಟು ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿಗೆ ಬಂದ. ಲೆಕ್ಕ ಬರೆಯೋದು ಕಲಿತು ಬಿಸೆಲ್ ಅನ್ನೋ ಕಂಪನಿಯಲ್ಲಿ ಗುಮಾಸ್ತನಾದ.

ಬಿಸೆಲ್‌ನವರು ಕಾರ್ಪೆಟ್ ಸ್ವೀಪರ್ ಮಾಡ್ತಿದ್ರು. ಕರೆಂಟ್ ಇಲ್ಲದ ಗುಡಿಸೋ ಯಂತ್ರ ಅದು. ತಳ್ಳಿದರೆ ಚಕ್ರ ತಿರುಗುತ್ತೆ, ಚಕ್ರ ಬ್ರಶ್ ತಿರುಗಿಸುತ್ತೆ, ಕಸ ಡಬ್ಬಿಗೆ ಬೀಳುತ್ತೆ. ಕಂಪನಿಯವರು ಜಾಹೀರಾತಿನಲ್ಲಿ ಬೇರಿಂಗ್, ಬ್ರಶ್ಶಿನ ಒತ್ತಡ, ಪೇಟೆಂಟ್ ಅಂತೆಲ್ಲ ಕೊಚ್ಚಿಕೊಳ್ತಿದ್ರು. ಹಾಪ್ಕಿನ್ಸ್‌ಗೆ ಇದು ಗೃಹಿಣಿಯರ ಹತ್ತಿರ ಬೀಜಗಣಿತ ಮಾತಾಡಿದ ಹಾಗೆ ಕಂಡಿತು. ನಮ್ಮಂಥ ಇಂಜಿನಿಯರಿಂಗ್ ಜನಕ್ಕೆ ಹೊಟ್ಟೆ ಉರಿಯೋ ವಿಷಯ, ಆದ್ರೆ ಅವನು ಹೇಳಿದ್ದು ಸರಿ ಇತ್ತು. ಸ್ವೀಪರನ್ನ ಕ್ರಿಸ್‌ಮಸ್ ಉಡುಗೊರೆ ಅಂತ ಮಾರೋಣ ಅಂದ. ಅಂಗಡಿಯವರಿಗೆ ಸುಮಾರು 5,000 ಪತ್ರ ಹಾಕಿ 1,000 ಆರ್ಡರ್ ತಂದೆ ಅಂತ ತನ್ನ ಆತ್ಮಕಥೆಯಲ್ಲಿ ಲೆಕ್ಕ ಕೊಟ್ಟಿದ್ದಾನೆ. ಐದಕ್ಕೆ ಒಂದು. ಇವತ್ತು ಇಮೇಲ್ ಕಳಿಸೋ ಯಾವ ಕಂಪನಿಗಾದರೂ ಈ ಲೆಕ್ಕ ತೋರಿಸಿದರೆ ನಂಬಲ್ಲ.

ಆಮೇಲೆ ಹನ್ನೆರಡು ಬಗೆಯ ಚೆಂದದ ಮರಗಳಲ್ಲಿ ಸ್ವೀಪರ್ ಮಾಡಿಸಿದ. ಅದಾದ ಮೇಲೆ ನಮ್ಮ ದೇಶದ ಕೆಂಪು ಮರವೊಂದನ್ನ ತರಿಸಿದ. ಕೈದಿಗಳು ಕಾಡಲ್ಲಿ ಕಡಿಯೋದು, ಆನೆಗಳು ಎಳೆದು ತರೋದು, ನೀರಲ್ಲಿ ಮುಳುಗೋ ಅಷ್ಟು ಭಾರದ ದಿಮ್ಮಿಯನ್ನ ಹಗುರ ದಿಮ್ಮಿಗಳಿಗೆ ಕಟ್ಟಿ ತೇಲಿಸೋದು, ಹೀಗೆ ಕಥೆ ಕಟ್ಟಿ ಪತ್ರದಲ್ಲಿ ಬರೆದ. ಮರ ಕೆಂಪಗಿದ್ದರೆ ಕಸ ಜಾಸ್ತಿ ಬರುತ್ತಾ? ಇಲ್ಲ. ಇದು ಶುದ್ಧ ಬಿಲ್ಡಪ್. ಆದರೂ ಚೆನ್ನಾಗಿ ಮಾರಾಟವಾಯಿತು. ಚಮಚದ ಪಾಠಕ್ಕೆ ಇದು ವಿರುದ್ಧ ಅಲ್ವಾ ಅಂತ ನಮ್ಮಲ್ಲೇ ವಾದ ಆಯಿತು. ನಮಗೆ ಹೊಳೆದ ಉತ್ತರ ಇಷ್ಟು: ಉಡುಗೊರೆ ಕೊಳ್ಳೋರು ಅರ್ಧ ಕೊಳ್ಳೋದೇ ಅಂದವನ್ನ, ಕೊಡುವಾಗ ಹೇಳೋಕೆ ಒಂದು ಕಥೆಯನ್ನ. ಅಲ್ಲಿ ಮರ ಸಾಮಾನಿನ ಭಾಗವೇ ಆಗಿತ್ತು.

ಕೇಕಿನ ಪ್ರಸಂಗ ಇಲ್ಲಿಂದ ಮುಂದಿನದು. 1890ರ ದಶಕ. ಹಾಪ್ಕಿನ್ಸ್ ಷಿಕಾಗೋಗೆ ಬಂದು ಸ್ವಿಫ್ಟ್ ಅನ್ನೋ ದೊಡ್ಡ ಮಾಂಸದ ಕಂಪನಿಯ ಜಾಹೀರಾತು ವಿಭಾಗ ಸೇರಿದ್ದ. ಅವರು ಹತ್ತಿಬೀಜದ ಎಣ್ಣೆ ಮತ್ತು ದನದ ಕೊಬ್ಬು ಬೆರೆಸಿ ಕೋಟೋಸ್ಯೂಟ್ ಅನ್ನೋ ಅಡುಗೆ ಕೊಬ್ಬು ಮಾಡ್ತಿದ್ರು. ನಮ್ಮಲ್ಲಿ ತುಪ್ಪದ ಬದಲು ಡಾಲ್ಡಾ ಬಂತಲ್ಲ, ಅಂಥದ್ದೇ ಸಂಗತಿ. ಇದಕ್ಕೊಂದು ಪ್ರತಿಸ್ಪರ್ಧಿ ಆಗಲೇ ಮಾರುಕಟ್ಟೆಯಲ್ಲಿ ಬೇರು ಬಿಟ್ಟಿತ್ತು. ಎರಡೂ ಒಂದೇ ಥರ. ಹೊಸದನ್ನ ಯಾರು ಕೇಳ್ತಾರೆ?

ಆಗ ಷಿಕಾಗೋದ ಸ್ಟೇಟ್ ಸ್ಟ್ರೀಟ್‌ನಲ್ಲಿ ಒಂದು ದೊಡ್ಡ ಅಂಗಡಿಯ ಹೊಸ ಕಟ್ಟಡ ಏಳ್ತಿತ್ತು. ಅದರ ಐದನೇ ಮಹಡಿಯಲ್ಲಿ ದಿನಸಿ ವಿಭಾಗ. ಹಾಪ್ಕಿನ್ಸ್ ಅಲ್ಲಿ ಜಗತ್ತಿನಲ್ಲೇ ದೊಡ್ಡ ಕೇಕ್ ಇಡ್ತೀನಿ ಅಂದ. ಬೆಣ್ಣೆಯ ಬದಲು ಕೋಟೋಸ್ಯೂಟ್ ಹಾಕಿ ಮಾಡಿಸಿದ. ಅಂಗಡಿ ತೆರೆಯೋ ದಿನ ಪತ್ರಿಕೆಗಳಲ್ಲಿ ಸುದ್ದಿ ಹಾಕಿಸಿದ. ಜನ ಹೇಗೆ ನುಗ್ಗಿದ್ರು ಅಂದ್ರೆ ಪೊಲೀಸರು ಬಾಗಿಲು ಹಾಕಿಸಬೇಕಾಯಿತು. ಲಿಫ್ಟ್ ಸಾಲದೆ ಜನ ಮೆಟ್ಟಿಲು ಹತ್ತಿದ್ರು. ಒಂದು ವಾರದಲ್ಲಿ 1,05,000 ಜನ ನಾಲ್ಕು ಅಂತಸ್ತಿನ ಮೆಟ್ಟಿಲು ಹತ್ತಿ ಆ ಕೇಕ್ ನೋಡಿದ್ರು ಅಂತ ಅವನ ಲೆಕ್ಕ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಪಕ್ಕಾ ವೈರಲ್.

ಇಲ್ಲಿಗೆ ನಿಲ್ಲಿಸಿದ್ದರೆ ಅವನೂ ನಮ್ಮ ಡ್ರೋನ್ ಶಾಟ್ ಗಿರಾಕಿಗಳ ಸಾಲಿಗೆ ಸೇರ್ತಿದ್ದ. ಮೇಲೆ ಬಂದವರಿಗೆ ಏನಾಯಿತು ನೋಡಿ. ಅಲ್ಲಿ ನಿಂತಿದ್ದವರು ಪ್ರತಿಯೊಬ್ಬರ ಕೈಗೂ ಕೇಕಿನ ಚೂರು ಕೊಡ್ತಿದ್ರು. ಅಂದ್ರೆ ಈ ಕೊಬ್ಬಲ್ಲಿ ಮಾಡಿದ ತಿಂಡಿ ಚೆನ್ನಾಗಿರುತ್ತೋ ಇಲ್ವೋ ಅನ್ನೋ ಅನುಮಾನ ನಾಲಿಗೆ ಮೇಲೇ ತೀರುತ್ತಿತ್ತು. ಆಮೇಲೆ ಒಂದು ಸ್ಪರ್ಧೆ: ಕೇಕಿನ ತೂಕ ಎಷ್ಟು ಅಂತ ಊಹಿಸಿ, ಹತ್ತಿರ ಬಂದವರಿಗೆ ಬಹುಮಾನ. ಊಹೆ ಹೇಳಬೇಕಂದ್ರೆ ಒಂದು ಡಬ್ಬ ಕೋಟೋಸ್ಯೂಟ್ ಕೊಳ್ಳಬೇಕು. ಕುತೂಹಲಕ್ಕೆ ಬಂದವನು ಮೆಟ್ಟಿಲು ಇಳಿಯುವಾಗ ಕೈಯಲ್ಲಿ ಡಬ್ಬ ಹಿಡಿದಿದ್ದ. ಆ ವಾರದ ನಂತರ ಷಿಕಾಗೋದಲ್ಲಿ ಕೋಟೋಸ್ಯೂಟ್ ಲಾಭಕ್ಕೆ ತಿರುಗಿತು.

ಕೇಕ್ ಬದಲು ಅಷ್ಟೇ ದೊಡ್ಡ ಐಸಿನ ಆನೆ ಇಟ್ಟಿದ್ದರೂ ಒಂದು ಲಕ್ಷ ಜನ ಬರ್ತಿದ್ರೇನೋ. ಡಬ್ಬ ಎಷ್ಟು ಹೋಗ್ತಿತ್ತು ಅನ್ನೋದು ಬೇರೆ ಮಾತು.

ಮುಂದಿನ ಅಧ್ಯಾಯ ಅಷ್ಟು ಖುಷಿ ಕೊಡಲ್ಲ. ಆಗ ಅಮೆರಿಕದಲ್ಲಿ ಜಾಹೀರಾತಿಗೆ ಹೆಚ್ಚು ದುಡ್ಡು ಸುರಿತಿದ್ದವರಲ್ಲಿ ಪೇಟೆಂಟ್ ಔಷಧಿಯವರು ಮುಂದಿದ್ದರು. ಹಾಪ್ಕಿನ್ಸ್ ಮೊದಲು ಅಂಥ ಒಂದು ಕಂಪನಿಗೆ ಬರೆದ, ಆಮೇಲೆ ಲಿಕ್ವೊಜೋನ್ ಅನ್ನೋ ದ್ರವದಲ್ಲಿ ಪಾಲುದಾರನೇ ಆದ. ರೋಗಾಣು ಕೊಲ್ಲುತ್ತೆ ಅಂತ ಪ್ರಚಾರ. ಜಾಹೀರಾತಿನ ಪಟ್ಟಿಯಲ್ಲಿ ಕ್ಷಯ, ಕ್ಯಾನ್ಸರ್, ತಲೆಹೊಟ್ಟು ಎಲ್ಲಾ ಒಟ್ಟಿಗೆ ಇದ್ದವು. ಕೂಪನ್ ಕಳಿಸಿದರೆ ಮೊದಲ ಬಾಟಲಿ ಪುಕ್ಕಟೆ. ಬಾಟಲಿಯಲ್ಲಿ ಇದ್ದದ್ದು ಬಹುಪಾಲು ನೀರು, ಜೊತೆಗೆ ಒಂದಿಷ್ಟು ಗಂಧಕದ ಆಮ್ಲಗಳು. 1905ರಲ್ಲಿ ಕೋಲಿಯರ್ಸ್ ಪತ್ರಿಕೆಯಲ್ಲಿ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆಡಮ್ಸ್ ಅನ್ನೋ ವರದಿಗಾರ (ಹೆಸರಲ್ಲಿ ಹಾಪ್ಕಿನ್ಸ್ ಇದೆ, ಸಂಬಂಧಿ ಅಲ್ಲ) ಇಂಥ ಔಷಧಿಗಳ ಬಣ್ಣ ಬಯಲು ಮಾಡಿದ. ಲಿಕ್ವೊಜೋನ್ ಅದರಲ್ಲಿ ಎದ್ದು ಕಾಣೋ ಹೆಸರು. 1906ರಲ್ಲಿ ಅಮೆರಿಕದಲ್ಲಿ ಆಹಾರ ಮತ್ತು ಔಷಧಿ ಶುದ್ಧತೆಯ ಕಾನೂನು ಬರೋದಕ್ಕೆ ಈ ಲೇಖನಗಳೂ ಕಾರಣ.

ಅವನ ಕೂಪನ್ ಲೆಕ್ಕದಲ್ಲಿ ಲಿಕ್ವೊಜೋನ್ ಭರ್ಜರಿ ಯಶಸ್ಸು. ಎಷ್ಟು ಕೂಪನ್ ಬಂತು, ಎಷ್ಟು ಜನ ಎರಡನೇ ಬಾಟಲಿ ಕೊಂಡರು, ಎಲ್ಲವೂ ಕಾಲಂನಲ್ಲಿ ಕೂತಿತ್ತು. ಬಾಟಲಿ ನಂಬಿಕೊಂಡು ಡಾಕ್ಟರ ಹತ್ತಿರ ಹೋಗದ ಕ್ಷಯರೋಗಿಗೆ ಒಂದು ಕಾಲಂ ಇರಲಿಲ್ಲ. ಮಾರ್ಕೆಟಿಂಗ್ ಪುಸ್ತಕಗಳು ಹಾಪ್ಕಿನ್ಸ್‌ನ ಜೀವನ ಹೇಳುವಾಗ ಈ ಭಾಗವನ್ನ ಬೇಗ ದಾಟಿಬಿಡ್ತವೆ. ನಮಗೆ ಹಾಗೆ ದಾಟೋಕೆ ಮನಸ್ಸಾಗಲಿಲ್ಲ.

ಅದಕ್ಕೂ ಸ್ವಲ್ಪ ಮೊದಲು ಶ್ಲಿಟ್ಜ್ ಬಿಯರ್ ಕಂಪನಿಗೆ ಅವನು ಬರೆದ ಜಾಹೀರಾತು ಹೆಸರು ಮಾಡಿತ್ತು. ಎಲ್ಲ ಬಿಯರ್ ಕಂಪನಿಗಳೂ ನಮ್ಮದು ಶುದ್ಧ ಅಂತ ದಪ್ಪಕ್ಷರದಲ್ಲಿ ಕೂಗ್ತಿದ್ವು, ಅಕ್ಷರ ದೊಡ್ಡದಾಗ್ತಾ ಹೋಯಿತೇ ಹೊರತು ಯಾರೂ ಕಿವಿಗೊಡಲಿಲ್ಲ. ಹಾಪ್ಕಿನ್ಸ್ ಕಾರ್ಖಾನೆಗೆ ಹೋಗಿ ನೋಡಿದ. ಶೋಧಿಸಿದ ಗಾಳಿ ತುಂಬಿದ ಗಾಜಿನ ಕೋಣೆಗಳು, ಆಳದ ಬಾವಿಯ ನೀರು, ಆವಿಯಲ್ಲಿ ತೊಳೆದ ಬಾಟಲಿಗಳು. ಇದನ್ನೆಲ್ಲ ಎಲ್ಲರೂ ಮಾಡ್ತಾರೆ, ಹೇಳೋದು ಏನಿದೆ ಅಂತ ಕಂಪನಿಯವರಿಗೇ ಆಶ್ಚರ್ಯ. ಬೇರೆ ಯಾರೂ ಹೇಳಿಲ್ಲವಲ್ಲ ಅನ್ನೋದೇ ಅವನ ವಾದ. ಕಂಡದ್ದನ್ನ ಕಂಡ ಹಾಗೆ ಬರೆದ. ಐದನೇ ಸ್ಥಾನದಲ್ಲಿದ್ದ ಶ್ಲಿಟ್ಜ್ ಕೆಲವೇ ತಿಂಗಳಲ್ಲಿ ಮೊದಲನೆಯವರ ಸಮಕ್ಕೆ ಬಂತು ಅಂತ ಅವನ ಹೇಳಿಕೆ.

ಈ ಜಾಹೀರಾತಿನ ಖ್ಯಾತಿ ಲಾರ್ಡ್ ಅಂಡ್ ಥಾಮಸ್ ಏಜೆನ್ಸಿಯ ಆಲ್ಬರ್ಟ್ ಲಾಸ್ಕರ್ ಕಿವಿಗೆ ಬಿತ್ತು. ಹಾಪ್ಕಿನ್ಸ್ ಕೆಲಸ ಬೇಡ ಅಂತ ಕೂತಿದ್ದ. ಜಿಪುಣ ಬೇರೆ. ಹೆಂಡತಿಗೆ ಎಲೆಕ್ಟ್ರಿಕ್ ಕಾರಿನ ಆಸೆ ಇತ್ತು, ಗಂಡ ಕೊಡಿಸ್ತಿರಲಿಲ್ಲ. ಆ ಕಾರನ್ನೇ ಲಾಸ್ಕರ್ ಆಮಿಷವಾಗಿ ಒಡ್ಡಿದ ಅಂತ ಕಥೆ ಇದೆ. (ಹೌದು, 1907ರಲ್ಲಿ ಎಲೆಕ್ಟ್ರಿಕ್ ಕಾರು ಇತ್ತು.) ಸೇರಿದ ಮೇಲೆ ವರ್ಷಕ್ಕೆ 1,85,000 ಡಾಲರ್ ಸಂಬಳ ಅಂತ ದಾಖಲೆ ಹೇಳುತ್ತೆ. ಆ ಕಾಲದಲ್ಲಿ ಬರೆಯೋ ಕೆಲಸಕ್ಕೆ ಅಷ್ಟು ದುಡ್ಡು ಊಹೆಗೂ ನಿಲುಕದ್ದು.

ಲಾಸ್ಕರ್ ಹತ್ತಿರ ಅವನ ಕೂಪನ್ ವಿದ್ಯೆ ಪಕ್ವವಾಯಿತು. ಪ್ರತಿ ಜಾಹೀರಾತಿನ ಮೂಲೆಯಲ್ಲಿ ಕತ್ತರಿಸಿ ಕಳಿಸೋ ಒಂದು ಚೀಟಿ. ಪ್ರತಿ ಪತ್ರಿಕೆಗೆ, ಪ್ರತಿ ತಲೆಬರಹಕ್ಕೆ ಬೇರೆ ಬೇರೆ ಗುರುತು. ಅಂಚೆಯಲ್ಲಿ ಬಂದ ಚೀಟಿ ಎಣಿಸಿದರೆ ಯಾವ ಪದ ಎಷ್ಟು ಜನರನ್ನ ಕರೆತಂತು, ಒಬ್ಬ ಗಿರಾಕಿಗೆ ಎಷ್ಟು ಖರ್ಚಾಯಿತು ಗೊತ್ತಾಗುತ್ತೆ. ನಾವು ಲಿಂಕಿನ ಬಾಲಕ್ಕೆ ಟ್ರ್ಯಾಕಿಂಗ್ ಕೋಡ್ ಅಂಟಿಸ್ತೀವಲ್ಲ, ಅದರ ತಾತ. ಒಂದು ಊರಲ್ಲಿ ಸಣ್ಣದಾಗಿ ಪರೀಕ್ಷೆ ಮಾಡಿ, ಗೆದ್ದರೆ ಮಾತ್ರ ದೇಶಕ್ಕೆಲ್ಲ ಹರಡೋದು ಅವನ ಕ್ರಮ. ಪಾಮೊಲಿವ್ ಸೋಪು ಹಾಗೇ ಬೆಳೆಯಿತು.

ಚಿತ್ರದ ವಿಷಯದಲ್ಲಂತೂ ಅವನು ಮಹಾ ಕಟ್ಟುನಿಟ್ಟು. ಪತ್ರಿಕೆಯಲ್ಲಿ ಪ್ರತಿ ಇಂಚಿಗೂ ದುಡ್ಡು. ಚಿತ್ರ ಆಕ್ರಮಿಸಿದ ಜಾಗಕ್ಕೆ ಅದು ಮಾತಿಗಿಂತ ಚೆನ್ನಾಗಿ ಮಾರಬೇಕು, ಇಲ್ಲಾಂದ್ರೆ ಇರಬಾರದು. ವಿಚಿತ್ರ ಬಟ್ಟೆ ಹಾಕ್ಕೊಂಡು ಮನೆ ಬಾಗಿಲಿಗೆ ಬರೋ ಮಾರಾಟಗಾರನನ್ನ ಎಲ್ಲರೂ ನೋಡ್ತಾರೆ, ಒಳಗೆ ಕರೆಯೋರು ಯಾರು ಅನ್ನೋ ಧಾಟಿಯ ಯೋಚನೆ ಅವನದು. ಇದನ್ನ ವೆಬ್‌ಸೈಟಿಗೆ ಅನ್ವಯಿಸಿ ನೋಡಿ. ವೆಬ್‌ನಲ್ಲಿ ಜಾಗಕ್ಕೆ ದುಡ್ಡಿಲ್ಲ ಅಂತ ನಾವು ಅಂದುಕೊಳ್ತೀವಿ. ಹತ್ತು ಎಂಬಿಯ ವಿಡಿಯೊ ಇಳಿಯೋವರೆಗೆ ಬಸ್ಸಲ್ಲಿ ಕೂತವನ ಡೇಟಾ, ಬ್ಯಾಟರಿ, ತಾಳ್ಮೆ ಮೂರೂ ಖರ್ಚಾಗ್ತಿರುತ್ತೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅಂತ ಗೂಗಲ್ ಗೆರೆ ಎಳೆದಿರೋದು ಅದಕ್ಕೇ. ಕಣ್ಣಂಚಿನಲ್ಲಿ ಏನಾದ್ರೂ ಅಲ್ಲಾಡಿದ್ರೆ ಆ ಕಡೆ ತಿರುಗೋದು ನಮ್ಮ ಮೆದುಳಿನ ಹಳೇ ಚಾಳಿ, ಓದ್ತಿದ್ದ ಬೆಲೆಯನ್ನೋ ವಿಳಾಸವನ್ನೋ ಬಿಟ್ಟು ತಿರುಗ್ತೀವಿ. ತಾನಾಗಿ ಶುರುವಾಗಿ ಐದು ಸೆಕೆಂಡಿಗಿಂತ ಹೆಚ್ಚು ಅಲ್ಲಾಡೋ ಯಾವುದನ್ನೇ ಆದರೂ ನಿಲ್ಲಿಸೋಕೆ ದಾರಿ ಇರಬೇಕು ಅಂತ ವೆಬ್ ಸುಗಮತೆಯ ನಿಯಮದಲ್ಲೇ ಇದೆ. 2018ರಲ್ಲಿ ಕ್ರೋಮ್ ಬ್ರೌಸರ್, ಕೇಳದೇ ಶಬ್ದ ಮಾಡೋ ವಿಡಿಯೊಗಳ ಬಾಯಿ ಕಟ್ಟಿತು. ಜನಕ್ಕೆ ಅಷ್ಟು ರೇಗಿಹೋಗಿತ್ತು.

ಹಾಗಂತ ಅವನು ಬರೀ ಒಣ ಲೆಕ್ಕದವನಲ್ಲ. ಕ್ವೇಕರ್ ಓಟ್ಸ್ ಕಂಪನಿಯ ಹತ್ತಿರ ಉಬ್ಬಿಸಿದ ಅಕ್ಕಿ, ಉಬ್ಬಿಸಿದ ಗೋಧಿ ಇತ್ತು. ನಮ್ಮ ಮಂಡಕ್ಕಿಯ ದೂರದ ನೆಂಟ. ದಾವಣಗೆರೆಯ ಭಟ್ಟಿಯಲ್ಲಿ ಬಿಸಿ ಮರಳು ಮಾಡೋ ಕೆಲಸವನ್ನ ಅಲೆಕ್ಸಾಂಡರ್ ಆಂಡರ್ಸನ್ ಅನ್ನೋ ಸಸ್ಯವಿಜ್ಞಾನಿ ಕೊಳವೆಯೊಳಗೆ ಮಾಡಿದ್ದ: ಧಾನ್ಯವನ್ನ ಮುಚ್ಚಿದ ಕೊಳವೆಯಲ್ಲಿ ಕಾಯಿಸಿ ಒತ್ತಡ ಏರಿಸೋದು, ಫಟ್ ಅಂತ ತೆರೆಯೋದು. ಒತ್ತಡ ಇಳಿದ ಕ್ಷಣ ಕಾಳಿನೊಳಗಿನ ತೇವ ಆವಿಯಾಗಿ ಸ್ಫೋಟಿಸಿ ಕಾಳು ಎಂಟು ಪಟ್ಟು ಉಬ್ಬುತ್ತೆ. 1904ರ ಸೇಂಟ್ ಲೂಯಿ ಮೇಳದಲ್ಲಿ ಎಂಟು ತೋಪುಗಳನ್ನ ಸಾಲಾಗಿಟ್ಟು ಇದನ್ನ ಜನರಿಗೆ ತೋರಿಸಿದ್ದರು. ಹಾಪ್ಕಿನ್ಸ್ ಕಾರ್ಖಾನೆಗೆ ಹೋಗಿ ಆಂಡರ್ಸನ್ ಜೊತೆ ಕೂತು ಕಲಿತು, ತೋಪಿನಿಂದ ಹಾರಿಸಿದ ತಿಂಡಿ ಅಂತಲೇ ಜಾಹೀರಾತು ಬರೆದ. ಉಳಿದ ಜಾಹೀರಾತಿನವರು ಊಟಕ್ಕೂ ತೋಪಿಗೂ ಏನು ಸಂಬಂಧ ಅಂತ ನಕ್ಕರು. ತಿಂಡಿ ಮಾತ್ರ ಚೆನ್ನಾಗಿ ಮಾರಿತು. ತೋಪಿನ ಸದ್ದು ಕೇಳಿ ತಿರುಗಿದವನಿಗೆ, ಈ ಕಾಳು ಯಾಕೆ ಇಷ್ಟು ಹಗುರ, ಯಾಕೆ ಬಾಯಲ್ಲಿ ಕರಗುತ್ತೆ ಅನ್ನೋದು ಆ ಸದ್ದಿನಲ್ಲೇ ಗೊತ್ತಾಗ್ತಿತ್ತು. ವೆಬ್‌ಸೈಟಿಗೆ ವಿಡಿಯೊ ಎಫೆಕ್ಟ್ ಬೇಕಾ ಅಂತ ಯಾರಾದ್ರೂ ಕೇಳಿದರೆ ನಾವು ಈ ತೋಪನ್ನೇ ತೋರಿಸ್ತೀವಿ. ಮಡಚೋ ಸೈಕಲ್ ಮಾರೋನು ಸೈಕಲ್ ಮಡಚಿಕೊಳ್ಳೋ ನಾಲ್ಕು ಸೆಕೆಂಡ್ ತೋರಿಸಲಿ, ಚೆನ್ನಾಗಿರುತ್ತೆ. ಅದೇ ಪುಟದಲ್ಲಿ ಮೋಡ ತೇಲಿಸಿದರೆ ಮೋಡ ಕೊಳ್ಳೋರು ಯಾರೂ ಇಲ್ಲ.

ಪೆಪ್ಸೊಡೆಂಟ್ ಹಲ್ಲುಪೇಸ್ಟ್‌ನಿಂದ ಅವನಿಗೆ ಬಂದಷ್ಟು ದುಡ್ಡು ಬೇರೆ ಯಾವುದರಿಂದಲೂ ಬರಲಿಲ್ಲ. ಲಿಕ್ವೊಜೋನ್‌ನ ಹಳೇ ಪಾಲುದಾರನೇ ಇದನ್ನ ತಂದ. ಹಾಪ್ಕಿನ್ಸ್ ಕಂಪನಿಯಲ್ಲಿ ಷೇರು ಇಸ್ಕೊಂಡೇ ಕೆಲಸ ಒಪ್ಪಿದ. ಹುಳುಕು ಬರುತ್ತೆ, ಹಲ್ಲು ಬೀಳುತ್ತೆ ಅಂತ ಹೆದರಿಸೋ ತಲೆಬರಹಗಳಿಗೆ ಕೂಪನ್ ಬರಲಿಲ್ಲ. ಹಲ್ಲಿನ ಮೇಲೆ ಒಂದು ಪೊರೆ ಇದೆ, ಅದು ಹೋದರೆ ನಗು ಚೆಂದ ಕಾಣುತ್ತೆ ಅಂದಾಗ ರಾಶಿ ರಾಶಿ ಬಂತು. ನಾಲಿಗೆಯಿಂದ ಹಲ್ಲು ಸವರಿದರೆ ಪೊರೆ ತಾನೇ ಸಿಗುತ್ತೆ. ಓದುವವನ ಬಾಯಲ್ಲೇ ಪ್ರದರ್ಶನ.

1921ರಿಂದ ಲಾಸ್ಕರ್ ಸರ್ಕಾರಿ ಹುದ್ದೆ ಮೇಲೆ ವಾಷಿಂಗ್ಟನ್‌ಗೆ ಹೋಗಿದ್ದಾಗ ಏಜೆನ್ಸಿಯನ್ನ ಹಾಪ್ಕಿನ್ಸ್ ನೋಡಿಕೊಂಡ. 1923ರಲ್ಲಿ ಸೈಂಟಿಫಿಕ್ ಅಡ್ವರ್ಟೈಸಿಂಗ್ ಪುಸ್ತಕ ಬಂತು, 1927ರಲ್ಲಿ ಆತ್ಮಕಥೆ. ಅಷ್ಟರಲ್ಲಿ ಏಜೆನ್ಸಿ ಬಿಟ್ಟಾಗಿತ್ತು.

ಆಮೇಲೆ ಒಂದು ತಮಾಷೆ ನಡೆಯಿತು. ಜಾಹೀರಾತು ಮನರಂಜನೆ ಆಗಬಾರದು, ರಂಜನೆಗೆ ಬಂದವನು ಗಿರಾಕಿ ಅಲ್ಲ ಅಂತ ಅವನು ಬರೆದಿಟ್ಟಿದ್ದ. 1929ರಲ್ಲಿ ಅದೇ ಪೆಪ್ಸೊಡೆಂಟ್, ಅದೇ ಲಾರ್ಡ್ ಅಂಡ್ ಥಾಮಸ್ ಮೂಲಕ, ಏಮೋಸ್ ಅಂಡ್ ಆಂಡಿ ಅನ್ನೋ ರೇಡಿಯೊ ಹಾಸ್ಯ ಕಾರ್ಯಕ್ರಮದ ಪ್ರಾಯೋಜಕತ್ವ ತಗೊಂಡಿತು. ಅಮೆರಿಕದ ಮನೆಮನೆಯಲ್ಲೂ ಜನ ರೇಡಿಯೊ ಮುಂದೆ ಕೂತರು, ಪೇಸ್ಟಿನ ಹೆಸರು ಬಾಯಿಪಾಠವಾಯಿತು. ಬಿಳಿಯರು ಕರಿಯರ ಹಾಗೆ ಮಾತಾಡಿ ನಗಿಸುತ್ತಿದ್ದ ಕಾರ್ಯಕ್ರಮ ಅದು, ಈಗ ಕೇಳಿದರೆ ಮುಜುಗರವಾಗುತ್ತೆ. ಆದರೆ ಅವನ ನಿಯಮಕ್ಕೆ ಅದು ದೊಡ್ಡ ಪೆಟ್ಟೇ. ರೇಡಿಯೊದಲ್ಲಿ ಕತ್ತರಿಸೋಕೆ ಕೂಪನ್ ಇಲ್ಲ. ಹಾಸ್ಯಕ್ಕೆ ಕೂತವನು ದಿನಾ ಅದೇ ಹೊತ್ತಿಗೆ ಹದಿನೈದು ನಿಮಿಷ ಕೂರ್ತಾನೆ, ನಾಳೆಯೂ ಬರ್ತಾನೆ. ಮೂರು ಸೆಕೆಂಡ್ ಮಿಂಚಿ ಮಾಯವಾಗೋ ಎಫೆಕ್ಟಿಗೂ ಜನ ತಾವಾಗಿ ಕಾದು ಕೂರೋ ಕಾರ್ಯಕ್ರಮಕ್ಕೂ ಹೋಲಿಕೆ ಮಾಡಬಹುದಾ ಅನ್ನೋದರ ಮೇಲೆ ನಮ್ಮ ಕ್ಲಬ್ಬಿನಲ್ಲಿ ಇನ್ನೂ ಒಮ್ಮತ ಇಲ್ಲ.

ಹಾಪ್ಕಿನ್ಸ್ 1932ರಲ್ಲಿ ತೀರಿಕೊಂಡ. ಅವನ 1923ರ ಪುಸ್ತಕದ ಕಾಪಿರೈಟ್ ಅಮೆರಿಕದಲ್ಲಿ 2019ಕ್ಕೆ ಮುಗಿದಿದೆ, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತೆ. ತೆಳ್ಳಗಿನ ಪುಸ್ತಕ, ಸುಲಭದ ಇಂಗ್ಲಿಷು. ಇಂಟರ್ನಲ್ಸ್ ಮುಗಿದ ಮೇಲೆ ಒಂದು ಭಾನುವಾರದ ಮಧ್ಯಾಹ್ನ ಸಾಕು. ಓದುವಾಗ ಪಕ್ಕದಲ್ಲಿ ಲಿಕ್ವೊಜೋನ್‌ನ ಜಾಹೀರಾತೊಂದನ್ನೂ ಹುಡುಕಿ ತೆರೆದಿಟ್ಟುಕೊಳ್ಳಿ.